ಲಾಳಿಗೆ ಲಾಳ ಅಂದ ಮೇಷ್ಟ್ರು: ನಾಲ್ಕು ಶನಿವಾರದ ಕ್ಲಾಸು

ಬೆಂಗಳೂರಿನಲ್ಲಿ ನಮ್ಮ ಮನೆ ಹತ್ತಿರದ ಒಂದು ಹಾಲ್‌ನಲ್ಲಿ ಹಾಡುಗಳ ಒಳ ಅರ್ಥ ಹೇಳಿಕೊಡುವ ಕ್ಲಾಸು ನಡೆಯಿತು. ನಾಲ್ಕು ಶನಿವಾರ, 800 ರೂಪಾಯಿ ಫೀಸು. ಡಬಲ್ ಮೀನಿಂಗ್ ಕಲಿಯೋಕೆ ಹೋಗ್ತೀನಿ ಅಂದಿದ್ದಕ್ಕೆ ನಮ್ಮ ಮನೆಯವರು ನಕ್ಕು ನಕ್ಕು ಚಹಾ ಚೆಲ್ಲಿಕೊಂಡರು. ರೀ, ಆ ಥರದ್ದಲ್ಲ, ದಾಸರದ್ದು, ಶರೀಫರದ್ದು ಅಂತ ಹೇಳಿ ಹೊರಟೆ.

ಮೊದಲ ವಾರವೇ ಅರ್ಧ ದುಡ್ಡು ವಸೂಲಾಯಿತು. ಪುರಂದರದಾಸರ ‘ರಾಗಿ ತಂದೀರಾ’ ತಗೊಂಡರು. ಮೇಷ್ಟ್ರು ಬೋರ್ಡಿನ ಮೇಲೆ ‘ಯೋಗ್ಯರಾಗಿ’ ಅಂತ ಬರೆದು, ಮೊದಲಿನ ‘ಯೋಗ್ಯ’ವನ್ನು ಅಂಗೈಯಲ್ಲಿ ಮುಚ್ಚಿದರು. ಉಳಿದಿದ್ದು ‘ರಾಗಿ’. ಆಮೇಲೆ ‘ಭಾಗ್ಯವಂತರಾಗಿ’. ಮತ್ತೆ ಮುಚ್ಚಿದರು, ಮತ್ತೆ ರಾಗಿ. ಭಿಕ್ಷೆಗೆ ಬಂದವನು ಕಾಳು ಕೇಳುತ್ತಾನೆ, ಕೊಡುವವರು ಹೇಗಿರಬೇಕು ಅಂತಲೂ ಅದೇ ಮಾತಲ್ಲಿ ಹೇಳಿಬಿಡುತ್ತಾನೆ. ಚಿಕ್ಕಂದಿನಿಂದ ಹಾಡಿದ ಪದ, ನನಗೆ ಹೊಳೆದೇ ಇರಲಿಲ್ಲ.

ಎಡವಟ್ಟಾಗಿದ್ದು ಎರಡನೇ ವಾರ, ಶಿಶುನಾಳ ಶರೀಫರ ‘ಕೋಡಗನ ಕೋಳಿ ನುಂಗಿತ್ತಾ’ ಬಂದಾಗ. ಕೋಡಗ ಅಂದರೆ ಬರೀ ಕೋತಿಯಲ್ಲ, ಮನಸ್ಸು, ಅದು ಮಾಯೆ, ಇದು ಆತ್ಮ ಅಂತ ಮೇಷ್ಟ್ರು ಪಟಪಟ ಹೇಳಿಕೊಂಡು ಹೋದರು. ‘ಹಗ್ಗ ಮಗ್ಗವ ನುಂಗಿ, ಮಗ್ಗವ ಲಾಳಿ ನುಂಗಿ’ ಅನ್ನುವಲ್ಲಿ ಲಾಳಿ ಅಂದರೆ ಕುದುರೆ ಲಾಳ ಅಂದುಬಿಟ್ಟರು! ಕೊಟ್ಟ ಜೆರಾಕ್ಸ್‌ನಲ್ಲೂ ‘ಲಾಳ’ ಅಂತಲೇ ಇತ್ತು.

ನನ್ನ ಊರು ಗುಳೇದಗುಡ್ಡ. ಅಪ್ಪ ಖಣ, ಅಂದರೆ ರವಿಕೆ ಬಟ್ಟೆ, ನೇಯುತ್ತಿದ್ದರು. ಸುಮ್ನೆ ಕೂರೋಕಾಗುತ್ತಾ? ಕೈ ಎತ್ತಿದೆ. ಲಾಳಿ ಅಂದರೆ ಹೊಟ್ಟೆಯಲ್ಲಿ ನೂಲು ಸುತ್ತಿದ ಕಂಡಿಕೆ ಇಟ್ಟುಕೊಂಡು, ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ನಡುವೆ ಆ ಕಡೆ ಈ ಕಡೆ ಓಡುವ ಕಟ್ಟಿಗೆ ಸಾಮಾನು ಅಂದೆ. ಗೇಣುದ್ದ ಇರುತ್ತದೆ. ಅದು ಅಷ್ಟು ದೊಡ್ಡ ಮಗ್ಗವನ್ನು ನುಂಗಿತು ಅನ್ನೋದೇ ಅಲ್ಲಿನ ಮಜಾ ಅಲ್ವಾ? ಮುಂದಿನ ಸಾಲನ್ನು ಒಬ್ಬೊಬ್ಬರು ಒಂದೊಂದು ಥರ ಹಾಡುತ್ತಾರೆ. ನಮ್ಮ ಮನೆಯಲ್ಲಿ ‘ಮಗ್ಗದಲ್ಲಿರುವ ಅಣ್ಣನ ಕುಣಿಯು ನುಂಗಿತ್ತಾ’ ಅಂತಿದ್ದರು. ಕುಣಿ ಮಗ್ಗದಲ್ಲಿ ನೇಯುವವರು ನೆಲದ ಗುಂಡಿಗೆ ಕಾಲು ಇಳಿಬಿಟ್ಟು ಕೂರುತ್ತಾರೆ. ದೂರದಿಂದ ನೋಡಿದರೆ ಸೊಂಟದ ಕೆಳಗೆ ಮನುಷ್ಯನೇ ಇಲ್ಲ. ಇನ್ನು ನಮ್ಮ ಕಡೆ ಹೆಣ ಹೂಳುವ ಗುಂಡಿಗೂ ಕುಣಿ ಅಂತಲೇ ಹೇಳೋದು. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ನಡುಗಿತು. ಅಪ್ಪ ಹೋಗಿ ಎರಡು ವರ್ಷ.

ಮೇಷ್ಟ್ರು ಬೇಜಾರು ಮಾಡಿಕೊಳ್ಳಲಿಲ್ಲ, ಅದು ಅವರ ದೊಡ್ಡತನ. ‘ಬನ್ನಿ ತಾಯಿ, ಬರೆದು ತೋರಿಸಿ’ ಅಂತ ಸೀಮೆಸುಣ್ಣ ಕೊಟ್ಟರು. ಆದರೂ ಮುಂದಿನ ವಾರ ‘ಸೋರುತಿಹುದು ಮನೆಯ ಮಾಳಿಗಿ’ಗೆ ಮತ್ತೆ ಅದೇ ಕಥೆ. ಮನೆ ಅಂದರೆ ದೇಹ, ಮುಗೀತು! ಗದಗದ ಕಡೆಯವರೊಬ್ಬರು ಮಣ್ಣಿನ ಮಾಳಿಗೆಗೆ ಮಳೆಗಾಲದ ಮುಂಚೆ ಮಣ್ಣು ಹಾಕದಿದ್ದರೆ ಜಂತಿ ಹೇಗೆ ಹುಳುಕಾಗುತ್ತದೆ ಅಂತ ಹೇಳಿದ ಮೇಲೆಯೇ ಎಲ್ಲರಿಗೂ ಆ ಮನೆ ಕಣ್ಣಿಗೆ ಕಂಡಿದ್ದು. ಮೇಲಿನ ಅರ್ಥ ಗಟ್ಟಿಯಾಗಿ ಕಾಣದೆ ಒಳಗಿನದಕ್ಕೆ ಹಾರಿದರೆ ಎಲ್ಲ ಪದವೂ ಒಂದೇ ಥರ ಕೇಳುತ್ತದೆ. ಈ ಕ್ಲಾಸಿನಲ್ಲಿ ನನ್ನ ದೊಡ್ಡ ತಕರಾರು ಇದೇ.

ಚಹಾ ಚೆನ್ನಾಗಿತ್ತು, ಮೈಕು ಕೆಟ್ಟದಾಗಿತ್ತು. ಐದಕ್ಕೆ ಮೂರು ಸ್ಟಾರು ಕೊಡುತ್ತೇನೆ, ಅದರಲ್ಲಿ ಎರಡು ರಾಗಿಗೆ. ಹೋಗುವುದಾದರೆ ಮುಂದಿನ ಸಾಲಲ್ಲಿ ಕೂತು ಜಾಸ್ತಿ ಪ್ರಶ್ನೆ ಕೇಳಿ, ಮೇಷ್ಟ್ರು ಬೈಯುವುದಿಲ್ಲ.

ಕೊನೆಯ ಶನಿವಾರ ಅಪ್ಪನ ಲಾಳಿಯನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ಕೈಯಿಂದ ಕೈಗೆ ಹೋಯಿತು. ಕಾಲೇಜು ಹುಡುಗನೊಬ್ಬ ತಿರುಗಿಸಿ ತಿರುಗಿಸಿ ನೋಡಿ, ‘ಆಂಟಿ, ಇದು ದೋಣಿನಾ?’ ಅಂತ ಕೇಳಿದ.