ಡೆಲಿ ಅಂಗಡಿಯ ಹೋಳು ಮಾಂಸ: ಚೀಟಿಯ ದಿನಾಂಕವನ್ನಷ್ಟೇ ನಂಬಬೇಡಿ

ಹದಗೊಳಿಸಿದ ಮಾಂಸ, ಬಗೆಬಗೆಯ ಚೀಸ್, ಉಪ್ಪುನೀರಿನ ಆಲಿವ್ ಮುಂತಾದವನ್ನು ತೂಗಿ ಕೊಡುವ ಡೆಲಿ ಅಂಗಡಿಗಳಲ್ಲಿ ಕೊಳ್ಳುವವರು, ಅದರಲ್ಲೂ ಮನೆಯಲ್ಲಿ ಗರ್ಭಿಣಿಯರೋ ವಯಸ್ಸಾದವರೋ ಇರುವವರು, ದಯವಿಟ್ಟು ಇದನ್ನು ಪೂರ್ತಿ ಓದಬೇಕು.

ಬಸುರಿ ತಂಗಿ ಮನೆಗೆ ಬಂದಿದ್ದಾಗ, ಅಂಥದೊಂದು ಅಂಗಡಿಯಿಂದ ಹೋಳು ಮಾಡಿ ಕಟ್ಟಿಟ್ಟಿದ್ದ ಹ್ಯಾಮ್ (ಹದಗೊಳಿಸಿದ ಹಂದಿಮಾಂಸ) ತಂದಿದ್ದೆ. ಪೊಟ್ಟಣದ ಮೇಲೆ ಅದೇ ದಿನದ ದಿನಾಂಕವಿತ್ತು. ಬಿಚ್ಚಿದಾಗ ಹೋಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಿದರೆ ನಡುವೆ ಲೋಳೆ ಎಳೆಯೆಳೆಯಾಗಿ ಬರುತ್ತಿತ್ತು, ಹುಳಿ ವಾಸನೆಯೂ ಹೊಡೆಯುತ್ತಿತ್ತು. ಮೂಲೆಯಲ್ಲಿ ಎದ್ದಿದ್ದ ಚೀಟಿಯನ್ನು ಕಿತ್ತು ನೋಡಿದರೆ ಅಡಿಯಲ್ಲಿ ಇನ್ನೊಂದು ಚೀಟಿ, ಅದರಲ್ಲಿ ಹಿಂದಿನ ವಾರದ ದಿನಾಂಕ. ಅಂಗಡಿಯವರು ಹಣ ಹಿಂದಿರುಗಿಸಿದರು. ಆದರೆ ಮೇಲಿನದು ಮರಳಿ ಪೊಟ್ಟಣ ಕಟ್ಟಿದ ದಿನವೆಂದು ಸಮರ್ಥಿಸಿಕೊಂಡರು. ಇದು ಶುದ್ಧ ವಂಚನೆ.

ವಾಸನೆ ಬಂದಿದ್ದರಿಂದ ಯಾರೂ ಅದನ್ನು ಬಾಯಿಗಿಡಲಿಲ್ಲ. ಆದರೆ ಇಂಥ ಮಾಂಸದಲ್ಲಿ ಸೇರಿಕೊಳ್ಳಬಲ್ಲ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಬಣ್ಣವನ್ನಾಗಲಿ, ರುಚಿಯನ್ನಾಗಲಿ, ವಾಸನೆಯನ್ನಾಗಲಿ ಕೆಡಿಸದೆ, ಫ್ರಿಜ್‌ನ 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೂ ಬೆಳೆಯುತ್ತದೆ. ಮಾಂಸವನ್ನು ಬೇಯಿಸುವಾಗ ಅದು ಸತ್ತರೂ, ಸರಿಯಾಗಿ ತೊಳೆಯದ ಹೋಳು ಮಾಡುವ ಯಂತ್ರದ ಅಲಗಿನಿಂದ ಮತ್ತೆ ಹತ್ತಿಕೊಳ್ಳಬಹುದು. ಗರ್ಭಿಣಿಗೆ ಬರೀ ಜ್ವರ, ಮೈಕೈ ನೋವು ಕಾಣಿಸಿಕೊಂಡು ಗರ್ಭಪಾತವೇ ಆಗಬಹುದು. ಲಕ್ಷಣಗಳು ತೋರಲು ಕೆಲವೊಮ್ಮೆ 70 ದಿನಗಳವರೆಗೂ ಹಿಡಿಯುವುದರಿಂದ, ತಿಂದದ್ದೇನು ಎಂಬುದೇ ಅಷ್ಟರಲ್ಲಿ ಮರೆತುಹೋಗಿರುತ್ತದೆ. ದಕ್ಷಿಣ ಆಫ್ರಿಕಾದಲ್ಲಿ 2017–18ರಲ್ಲಿ ಪೊಲೊನಿ ಎಂಬ ತಿನ್ನಲು ಸಿದ್ಧವಾದ ಮಾಂಸದಿಂದ ಇದು ಹರಡಿ, ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನವಜಾತ ಶಿಶುಗಳೂ ಇದ್ದರು.

ಆದ್ದರಿಂದ ಕಟ್ಟಿಟ್ಟ ಪೊಟ್ಟಣ ಬಿಟ್ಟು ಕಣ್ಣೆದುರೇ ಹೋಳು ಮಾಡಿಸಿಕೊಳ್ಳಿ. ಹೋಳು ಮಾಡುವ ಇಡೀ ಮಾಂಸದ ಗಟ್ಟಿಯನ್ನು ಯಾವತ್ತು ಬಿಚ್ಚಿದ್ದೆಂದು ಸಂಕೋಚವಿಲ್ಲದೆ ಕೇಳಿ. ತಂದದ್ದನ್ನು ಮೂರರಿಂದ ಐದು ದಿನಗಳೊಳಗೆ ಮುಗಿಸಿ. ಗರ್ಭಿಣಿಯರಿಗೆ ಕೊಡುವುದಾದರೆ 74 ಡಿಗ್ರಿಗೆ, ಅಂದರೆ ಹಬೆಯಾಡುವಷ್ಟು, ಬಿಸಿಮಾಡಲೇಬೇಕು. ಪಾಶ್ಚರೀಕರಿಸದ, ಅಂದರೆ ಬಿಸಿಮಾಡಿ ರೋಗಾಣುಗಳನ್ನು ಕೊಲ್ಲದ, ಹಾಲಿನ ಮೃದು ಚೀಸ್ ಅವರಿಗೆ ಬೇಡವೇ ಬೇಡ. ಒಂದರ ಮೇಲೊಂದು ಚೀಟಿ ಕಂಡರೆ ಎರಡರ ಚಿತ್ರವನ್ನೂ ತೆಗೆದು, ಪೊಟ್ಟಣವನ್ನು ಎಸೆಯದೆ, ಆಹಾರ ಸುರಕ್ಷತಾ ಅಧಿಕಾರಿಗಳಿಗೆ ದೂರು ಕೊಡಿ.