ಟಿಪ್ಪು ಬೇಸಿಗೆ ಅರಮನೆ: ಅಪ್ಪನ ಜೊತೆ ಒಂದು ಬೆಳಗ್ಗೆ

ನಮ್ಮಪ್ಪ 40 ವರ್ಷ ಮರಗೆಲಸ ಮಾಡಿದವರು. ಕೆ.ಆರ್. ಮಾರ್ಕೆಟ್ ಹತ್ತಿರದ ಈ ಅರಮನೆಗೆ ಅವರನ್ನು ಕರೆದುಕೊಂಡು ಹೋದೆ. ಒಳಗೆ ಕಾಲಿಟ್ಟವರೇ ತೇಗದ ಕಂಬದ ಮುಂದೆ ನಿಂತುಬಿಟ್ಟರು. "ಬುಡಕ್ಕೆ ಕಲ್ಲು ಕೊಟ್ಟಿದ್ದಾರೆ ನೋಡು, ನೆಲದ ಪಸೆ ಮರಕ್ಕೆ ಏರಲ್ಲ" ಎಂದರು. ಅರ್ಧ ಗಂಟೆ ಕಂಬಗಳನ್ನೇ ನೋಡಿದೆವು. ಎಂಥಾ ಕೆಲಸ!

ಸೈನ್ಯದಲ್ಲಿದ್ದು ಮೇಲೆ ಬಂದ ಹೈದರಾಲಿ 1781ರಲ್ಲಿ ಇದನ್ನು ಶುರು ಮಾಡಿದ್ದು. ಅದೇ ವರ್ಷ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ಜಾರ್ಜ್ ವಾಷಿಂಗ್ಟನ್‌ಗೆ ಶರಣಾಯಿತು. ಹತ್ತು ವರ್ಷಕ್ಕೆ, 1791ರಲ್ಲಿ, ಅದೇ ಕಾರ್ನ್‌ವಾಲಿಸ್ ನಮ್ಮ ಬೆಂಗಳೂರು ಕೋಟೆ ಹಿಡಿದ. ಟಿಪ್ಪು ಈ ಮನೆ ಮುಗಿಸಿದ್ದೂ ಅದೇ ವರ್ಷ. ಇದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ, ಅಲ್ವಾ?

ಆಮೇಲೆ ಬ್ರಿಟಿಷರ ಕಚೇರಿ ಇಲ್ಲೇ ಇತ್ತು. 1868ರಲ್ಲಿ ಅಠಾರ ಕಚೇರಿಗೆ, ಅಂದರೆ ಈಗಿನ ಹೈಕೋರ್ಟ್ ಕಟ್ಟಡಕ್ಕೆ, ಹೋಯಿತು.

ಗೋಡೆಯ ಹೂಬಳ್ಳಿ ಚಿತ್ರ ಕೆಲವು ಕಡೆ ಮಾಸಿದೆ, ನೋಡಿ ಬೇಜಾರಾಯಿತು. ಮೇಲಿನ ಜರೋಕೆಯಲ್ಲಿ (ಹೊರಚಾಚಿದ ಬಾಲ್ಕನಿಯಲ್ಲಿ) ಮಾತ್ರ ತಂಪು ಗಾಳಿ. ಗಾಡಿ ನಿಲ್ಲಿಸಲು ಜಾಗ ಕಷ್ಟ, ಮೆಟ್ರೋದಲ್ಲಿ ಬನ್ನಿ. ಪಕ್ಕದಲ್ಲೇ ಕೋಟೆ ವೆಂಕಟರಮಣ ದೇವಸ್ಥಾನ. ಅಪ್ಪ ಅಲ್ಲೂ ಮೊದಲು ನೋಡಿದ್ದು ಕಂಬಗಳನ್ನೇ.