ಚೀಲವೋ ಬಾಟಲಿಯೋ, ಫಿಲ್ಟರೋ ಪಟಿಕವೋ

ಅಕ್ಟೋಬರಿನಲ್ಲಿ ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ಟ್ಯಾನರ್ ಟ್ರೇಲ್ ಎಂಬ ಕಾಲುದಾರಿ ಇಳಿದು ಎರಡು ರಾತ್ರಿ ಇದ್ದು ಬಂದೆವು. ಕಣಿವೆಯ ಮೇಲಂಚಿನ ಲಿಪಾನ್ ಪಾಯಿಂಟ್‌ನಿಂದ ತಳದ ಕೊಲೊರಾಡೊ ನದಿವರೆಗೆ ಸುಮಾರು 14 ಕಿಲೋಮೀಟರ್, ದಾರಿಯಲ್ಲಿ ಎಲ್ಲೂ ನೀರಿಲ್ಲ. ಹಾಗಾಗಿ ಏನು ಹೊರಬೇಕು ಅನ್ನೋ ಮಾತೆಲ್ಲ ನೀರಿಗೇ ಬಂದು ನಿಲ್ಲುತ್ತದೆ. ನಾನೂ ನನ್ನ ರೂಮ್‌ಮೇಟೂ ಬೇಕಂತಲೇ ಬೇರೆ ಬೇರೆ ಸಾಮಾನು ಒಯ್ದಿದ್ದೆವು.

ಅವನದು ಬೆನ್ನಹಿಂದೆ ಕೂರುವ 3 ಲೀಟರಿನ ನಳಿಕೆ ಚೀಲ. ನನ್ನದು 1 ಲೀಟರಿನ ಮಾಮೂಲಿ ಪ್ಲಾಸ್ಟಿಕ್ ಬಾಟಲಿ, ಆರು. ನೀರೇ 6 ಕೆಜಿ, ಅವನು ನಕ್ಕ. ನಡೆಯುವಾಗ ಚೀಲವೇ ಸುಖ, ನಿಜ. ಅವನು ನಿಲ್ಲದೆ ಗುಟುಕರಿಸುತ್ತ ಹೋಗುತ್ತಿದ್ದ, ನಾನು ಪ್ರತಿ ಸಲ ಬ್ಯಾಗ್ ಇಳಿಸಬೇಕು. ಆದರೆ ಚೀಲದಲ್ಲಿ ಎಷ್ಟು ಉಳಿದಿದೆ ಅಂತ ಕಾಣುವುದೇ ಇಲ್ಲವಲ್ಲ. ದಾರಿಯ ನಡುವಿನ ರೆಡ್‌ವಾಲ್ ಎಂಬ ಕಡಿದಾದ ಬಂಡೆ ಇಳಿದು ಮುಗಿಯುವಷ್ಟರಲ್ಲಿ ನಳಿಕೆ ಸೊರ್ರ್ ಅಂದಿತು, ಇನ್ನೂ ಅರ್ಧ ದಾರಿ ಬಾಕಿ. ನನ್ನದರಲ್ಲೊಂದು ಕೊಟ್ಟೆ. ಅದಕ್ಕೂ ಮೊದಲೇ ಎರಡು ಬಾಟಲಿಗಳನ್ನು, ವಾಪಸ್ ಹತ್ತುವ ದಿನಕ್ಕಿರಲಿ ಅಂತ, ಬಂಡೆ ಸಂದಿಯಲ್ಲಿ ಇಟ್ಟಿದ್ದೆ. ಇರುವುದೊಂದೇ ಚೀಲವಾದರೆ ಹೀಗೆ ಹಂಚಿಡಲಾಗುವುದಿಲ್ಲ. ಸಾಲದ್ದಕ್ಕೆ ರಾತ್ರಿ ಇಲಿ ಬಂದು ಅದರ ನಳಿಕೆಯ ತುದಿಯನ್ನೇ ಕಡಿದು ಹೋಗಿತ್ತು.

ಕೆಳಗೆ ನದಿ ತುಂಬಿ ಹರಿಯುತ್ತದೆ, ಆದರೆ ಮೇಲೆಲ್ಲೋ ಮಳೆಯಾಗಿ ನೀರು ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಅವನು ಒತ್ತಿ ಸೋಸುವ ಫಿಲ್ಟರ್ ತಂದಿದ್ದ. ಗುಡ್ಡದ ತೊರೆಗಳಲ್ಲಿ ಅದಕ್ಕೆ ಸಮ ಇಲ್ಲ. ಇಲ್ಲಿ ಮೊದಲ ಲೀಟರ್ ಸಲೀಸಾಗಿ ಬಂತು, ಮೂರನೆಯದಕ್ಕೆ ಎರಡೂ ಕೈಯಲ್ಲಿ ಹಿಂಡಿದರೂ ತೊಟ್ಟು ತೊಟ್ಟು. ಹಿಂದುಮುಂದಾಗಿ ನೀರು ಹಾಯಿಸಿ ತೊಳೆಯೋಣ ಅಂದರೆ ಅದಕ್ಕೂ ತಿಳಿನೀರೇ ಬೇಕು!

ನಾನು ಒಯ್ದದ್ದು ಪಟಿಕದ ಪುಡಿ, ಜೊತೆಗೆ ನೀರಿನ ಕ್ರಿಮಿ ಕೊಲ್ಲುವ ಕ್ಲೋರಿನ್ ಡೈಆಕ್ಸೈಡ್ ಮಾತ್ರೆ. ಪಟಿಕ ಅಂದರೆ ಶೇವಿಂಗ್ ಆದಮೇಲೆ ಕೆನ್ನೆಗೆ ಉಜ್ಜುತ್ತಾರಲ್ಲ, ಅದೇ. ಮಳೆಗಾಲದ ರಾಡಿ ನೀರಿಗೆ ನಮ್ಮಜ್ಜಿ ಹಾಕುತ್ತಿದ್ದದ್ದೂ ಅದೇ. ಅಮೆರಿಕದಲ್ಲಿ ಉಪ್ಪಿನಕಾಯಿಗೆಂದು ಮಸಾಲೆ ಡಬ್ಬಿಗಳ ಸಾಲಿನಲ್ಲೇ ಸಿಗುತ್ತದೆ. ಲೀಟರಿಗೆ ಒಂದು ಚಿಟಿಕೆ ಹಾಕಿ ಕಲಕಿಟ್ಟೆ. ಅರ್ಧ ಗಂಟೆಯಲ್ಲಿ ಕೆಸರು ಕಾಫಿ ಚರಟದ ಹಾಗೆ ತಳಕ್ಕೆ ಕೂತು, ಮೇಲೆ ತಿಳಿನೀರು ನಿಂತಿತು. ಆದರೆ ಪಟಿಕ ಕೆಸರು ಇಳಿಸುತ್ತದೆ ಅಷ್ಟೇ, ಅದನ್ನೇ ನಂಬಿ ಕುಡಿಯುವಂತಿಲ್ಲ. ಮಾತ್ರೆ ಹಾಕಿದರೆ ಪ್ಯಾಕೆಟ್ ಮೇಲೆ ಬರೆದಿರುವುದು 4 ಗಂಟೆ ಕಾಯಿರಿ ಅಂತ. ಬಾಯಾರಿದವರಿಗೆ ಹೇಳುವ ಮಾತಾ ಇದು?

ಕೊನೆಗೆ ನನ್ನ ಬಾಟಲಿಯ ತಿಳಿನೀರಿನಲ್ಲೇ ಅವನ ಫಿಲ್ಟರ್ ತೊಳೆದು, ಉಳಿದದ್ದನ್ನು ಅದರಲ್ಲೇ ಸೋಸಿದೆವು. ಸರಾಗವಾಗಿ ಇಳಿಯಿತು. ಮುಂದಿನ ಸಲ ಪಟಿಕ, ಫಿಲ್ಟರ್ ಎರಡೂ ಒಯ್ಯುತ್ತೇನೆ, ಮಾತ್ರೆ ಬರೀ ಆಪತ್ತಿಗೆ. ಒಂದು ಎಚ್ಚರ ಬೇಕು: ಇಳಿಯುವ ಹಿಂದಿನ ರಾತ್ರಿ ಮೇಲೆ ಚಳಿ ಜಾಸ್ತಿ, ಒಮ್ಮೆ ಬಳಸಿದ ಫಿಲ್ಟರ್ ಒಳಗೆ ನೀರು ಹೆಪ್ಪುಗಟ್ಟಿದರೆ ಅದು ಕೆಟ್ಟಿದ್ದು ಹೊರಗೆ ಗೊತ್ತೇ ಆಗುವುದಿಲ್ಲ. ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಿ.

ಟೆಂಟ್ ವಿಷಯ ಹೆಚ್ಚೇನಿಲ್ಲ. ಅವನು ಹೊತ್ತು ತಂದ, ನಾನು ಸುಮ್ನೆ ಶೀಟ್ ಹಾಸಿ ಮಲಗಿದೆ. ಗಾಳಿ ಎದ್ದಾಗ ಅವನ ಟೆಂಟಿನ ಜಾಲರಿಯಿಂದಲೂ ಮರಳು ನುಗ್ಗಿತು. ಚೇಳಿನ ಭಯವಿಲ್ಲದೆ ನಿದ್ದೆ ಮಾಡಿದ್ದು ಮಾತ್ರ ಅವನೇ.